ಎರೆತೊಟ್ಟಿಯನ್ನು ಚದರಡಿಯಲ್ಲಿ ಅಳೆಯಿರಿ: ಅಪಾರ್ಟ್‌ಮೆಂಟಿನ ಹಸಿಕಸ ಮತ್ತು ಎರೆಹುಳು ಸಾಕಣೆ

ಪ್ರಶ್ನೆ: ನಮ್ಮದು ಬೆಂಗಳೂರಿನಲ್ಲಿರುವ 42 ಮನೆಗಳ ಅಪಾರ್ಟ್‌ಮೆಂಟ್. ಎರಡು ವರ್ಷಗಳ ಹಿಂದೆ ನಮ್ಮ ನಿವಾಸಿಗಳ ಸಂಘದವರು 200 ಲೀಟರಿನ ಎರಡು ಪ್ಲಾಸ್ಟಿಕ್ ಡ್ರಮ್‌ಗಳನ್ನು ನೆಲಮಾಳಿಗೆಯಲ್ಲಿರಿಸಿ, ಎರೆಹುಳು ತಂದು ಬಿಟ್ಟು, ಎಲ್ಲ ಮನೆಗಳ ಹಸಿಕಸವನ್ನೂ ಅವಕ್ಕೆ ಸುರಿಯತೊಡಗಿದರು. ತಿಂಗಳು ತುಂಬುವುದರೊಳಗೆ ಮೂಗು ಮುಚ್ಚಿಕೊಳ್ಳುವಷ್ಟು ವಾಸನೆ ಎದ್ದಿತು. ಹುಳುಗಳು ಡ್ರಮ್ಮಿನ ಗೋಡೆ ಹತ್ತಿ ಹೊರಬಿದ್ದು ಸತ್ತವು. ಈಗ ಮತ್ತೆ ಆರಂಭಿಸೋಣವೆಂದು ಕೆಲವರು, ಬೇಡವೇ ಬೇಡವೆಂದು ಕೆಲವರು. ಇಲಿ, ಹಾವು ಬಂದಾವೆಂಬ ಭಯವೂ ಇದೆ. ಇಷ್ಟು ಮನೆಗಳ ಕಸವನ್ನು ಎರೆಹುಳುಗಳಿಂದ ನಿಭಾಯಿಸಲು ಸಾಧ್ಯವೇ? ಎಷ್ಟು ಜಾಗ ಬೇಕು, ಯಾರು ನೋಡಿಕೊಳ್ಳಬೇಕು?

ಉತ್ತರ: ಸಾಧ್ಯವಿದೆ. ಆದರೆ ನೀವು ಹಿಂದೆ ಮಾಡಿದ್ದನ್ನೇ ಹೆಚ್ಚು ಡ್ರಮ್‌ಗಳಲ್ಲಿ ಮಾಡಿದರೆ ಆಗುವುದಿಲ್ಲ. ಮೊದಲ ಪ್ರಯತ್ನ ಏಕೆ ಕೈಕೊಟ್ಟಿತೆಂಬುದನ್ನು ಲೆಕ್ಕ ಹಾಕಿ ನೋಡಿದರೆ, ಎರಡನೆಯದು ಹೇಗಿರಬೇಕೆಂಬುದು ಬಹುಮಟ್ಟಿಗೆ ಅಲ್ಲಿಯೇ ಸಿಗುತ್ತದೆ.

200 ಲೀಟರಿನ ಡ್ರಮ್ಮಿನ ಬಾಯಿಯ ವಿಸ್ತೀರ್ಣ ಸುಮಾರು ಕಾಲು ಚದರ ಮೀಟರ್. ಎರಡು ಡ್ರಮ್ ಸೇರಿದರೆ ಅರ್ಧ ಚದರ ಮೀಟರ್. ಚೆನ್ನಾಗಿ ನೆಲೆಗೊಂಡ ಎರೆಹುಳು ಹಾಸು ದಿನಕ್ಕೆ ಒಂದು ಚದರ ಮೀಟರಿಗೆ ಸುಮಾರು 4 ಕಿಲೋ ಆಹಾರವನ್ನು ಅರಗಿಸಿಕೊಳ್ಳುತ್ತದೆಂದು ಹಿಡಿಯುವುದು ಸುರಕ್ಷಿತ ಲೆಕ್ಕ. ಅಂದರೆ ನಿಮ್ಮ ಎರಡು ಡ್ರಮ್‌ಗಳಿಗಿದ್ದ ಶಕ್ತಿ ದಿನಕ್ಕೆ 2 ಕಿಲೋ. ಒಂದು ಮನೆಯಿಂದ ದಿನಕ್ಕೆ ಅರ್ಧ ಕಿಲೋಗಿಂತ ತುಸು ಹೆಚ್ಚು ಹಸಿಕಸ ಬರುತ್ತದೆಂದಿಟ್ಟುಕೊಂಡರೂ 42 ಮನೆಗಳಿಂದ ಬಂದದ್ದು 25 ಕಿಲೋದಷ್ಟಿರಬೇಕು. ಹೊಸದಾಗಿ ತಂದುಬಿಟ್ಟ, ಇನ್ನೂ ಹೊಂದಿಕೊಳ್ಳದ ಹುಳುಗಳಿಗೆ ಅವುಗಳ ಶಕ್ತಿಯ ಹನ್ನೆರಡು ಪಟ್ಟು ಆಹಾರವನ್ನು ಮೊದಲ ದಿನದಿಂದಲೇ ಸುರಿದಿದ್ದೀರಿ. ಹುಳುಗಳು ಸೋತದ್ದಕ್ಕೆ ಹುಳುಗಳನ್ನಾಗಲಿ, ಮಾರಿದವರನ್ನಾಗಲಿ ದೂರುವಂತಿಲ್ಲ.

ಡ್ರಮ್ ಆಳವಾಗಿದೆಯಲ್ಲ, ಅದರಲ್ಲಿ 200 ಲೀಟರ್ ಹಿಡಿಯುತ್ತದಲ್ಲ ಎಂಬ ಪ್ರಶ್ನೆ ಸಹಜ. ಗೊಬ್ಬರ ಮಾಡುವ ಎರೆಹುಳುಗಳು ಆಳದಲ್ಲಿ ಬಾಳುವ ಜಾತಿಯವಲ್ಲ. ಕಾಡಿನಲ್ಲಿ ತರಗೆಲೆಯ ಪದರದೊಳಗೆ, ಸಗಣಿಯ ರಾಶಿಯೊಳಗೆ ಬದುಕುವಂಥವು. ಅವಕ್ಕೆ ಶ್ವಾಸಕೋಶವಿಲ್ಲ, ಒದ್ದೆಯಾದ ಚರ್ಮದ ಮೂಲಕವೇ ಉಸಿರಾಡುತ್ತವೆ. ಹೀಗಾಗಿ ಗಾಳಿಯಾಡುವ ಮೇಲಿನ ಒಂದು ಗೇಣಿನಲ್ಲೇ ಅವುಗಳ ಸಂಸಾರವೆಲ್ಲ ನಡೆಯುತ್ತದೆ. ಅದಕ್ಕಿಂತ ಕೆಳಗೆ ತುಂಬಿದ ಹಸಿಕಸ ತನ್ನ ಭಾರಕ್ಕೆ ತಾನೇ ಅಮುಕಿಕೊಂಡು, ಗಾಳಿಯಿಲ್ಲದೆ ಕೊಳೆತು, ಹುಳಿ ನೀರು ಮತ್ತು ಅಮೋನಿಯ ಬಿಡುತ್ತದೆ. ಮೇಲಿನಿಂದ ದಿನವೂ ಹೊಸ ಕಸ, ಕೆಳಗಿನಿಂದ ವಿಷಗಾಳಿ. ನಡುವಿನಲ್ಲಿದ್ದ ಹುಳುಗಳಿಗೆ ಗೋಡೆ ಹತ್ತುವುದೊಂದೇ ದಾರಿಯಾಗಿತ್ತು. ಆದ್ದರಿಂದ ಎರೆತೊಟ್ಟಿಯ ಅಳತೆಯನ್ನು ಲೀಟರಿನಲ್ಲಿ ಹೇಳುವ ಮಾರಾಟಗಾರರ ಮಾತಿಗೆ ಬೆಲೆ ಕೊಡಬೇಡಿ. ಚದರಡಿ ಎಷ್ಟು ಎಂದು ಕೇಳಿ.

ಎರಡನೆಯ ಸಂಗತಿ ಇದಕ್ಕಿಂತ ಮುಖ್ಯ. ಎರೆಹುಳುಗಳಿಗೆ ಹಲ್ಲಿಲ್ಲ. ಆಲೂಗಡ್ಡೆ ಸಿಪ್ಪೆಯನ್ನು ಅವು ಕಚ್ಚಿ ತಿನ್ನುವುದಿಲ್ಲ. ಸೂಕ್ಷ್ಮಜೀವಿಗಳು ಸಿಪ್ಪೆಯನ್ನು ಮೆತ್ತಗೆ ಮಾಡಿದ ಮೇಲೆ, ಆ ಜೀವಿಗಳ ಸಮೇತ ಅದನ್ನು ಹೀರಿಕೊಳ್ಳುತ್ತವೆ. ತಾಜಾ ಅಡುಗೆಮನೆ ಕಸವನ್ನು ಹಾಸಿನ ಮೇಲೆ ದಪ್ಪವಾಗಿ ಹಾಕಿದರೆ ಮೊದಲ ವಾರ ಅದು ಕಾವೇರುತ್ತದೆ, ಹುಳಿಯುತ್ತದೆ, ನೊಣಗಳನ್ನು ಕರೆಯುತ್ತದೆ. ಒಂದೆರಡು ಮನೆಗಳ ಪುಟ್ಟ ಬುಟ್ಟಿಯಲ್ಲಿ ಇದು ಅಷ್ಟಾಗಿ ತೊಂದರೆ ಕೊಡುವುದಿಲ್ಲ. ಹಲವು ಮನೆಗಳ ಹಂಚಿಕೆಯ ತೊಟ್ಟಿಯಲ್ಲಿ ಮಾತ್ರ ಇದೇ ಸೋಲಿನ ಮೂಲ. ಹೀಗಾಗಿ ನನ್ನ ಖಚಿತ ಸಲಹೆಯೆಂದರೆ, ಕೆಲಸವನ್ನು ಎರಡು ಹಂತಗಳಾಗಿ ಒಡೆಯಿರಿ. ಮೊದಲ ಮೂರು ವಾರ ಕಸವನ್ನು ಹುಳುಗಳಿಲ್ಲದೆ, ಒಣ ಎಲೆಯೊಂದಿಗೆ ಬೆರೆಸಿ ಕಳಿಯಲು ಬಿಡಬೇಕು. ಹಾಗೆ ಅರ್ಧ ಕಳಿತದ್ದನ್ನು ಮಾತ್ರ ಹುಳುಗಳಿಗೆ ಕೊಡಬೇಕು. ನಿಮ್ಮ ಕಟ್ಟಡದ ಕಸವನ್ನೆಲ್ಲ ತಿಂದುಹಾಕುವ ಹೊಣೆಯನ್ನು ಹುಳುಗಳ ತಲೆಯ ಮೇಲೆ ಹೊರಿಸಬಾರದು. ಅವು ಕೊನೆಯ ಹಂತದ ಕುಶಲಕರ್ಮಿಗಳು.

ಮೊದಲ ಹಂತಕ್ಕೆ ಮೂರು ಅಡಿ ಉದ್ದ, ಮೂರು ಅಡಿ ಅಗಲ, ಮೂರು ಅಡಿ ಎತ್ತರದ ಮೂರು ಜಾಲರಿ ಪಂಜರಗಳು ಸಾಕು. ಕಬ್ಬಿಣದ ಚೌಕಟ್ಟಿಗೆ ಅರ್ಧ ಇಂಚಿಗಿಂತ ಸಣ್ಣ ಕಣ್ಣಿನ ಬೆಸುಗೆ ಜಾಲರಿ ಹೊಡೆಸಿ, ತಳಕ್ಕೂ ಮುಚ್ಚಳಕ್ಕೂ ಅದೇ ಜಾಲರಿ ಇರಲಿ. ಇಲಿಯ ಭಯಕ್ಕೆ ಉತ್ತರ ಈ ಜಾಲರಿಯೇ. ಪ್ರತಿದಿನ ಬಂದ ಒಂದು ಬಕೆಟ್ ಹಸಿಕಸಕ್ಕೆ ಒಂದರಿಂದ ಎರಡು ಬಕೆಟ್ ಒಣ ಎಲೆ ಬೆರೆಸಿ, ಹಳೆಯ ಗೊಬ್ಬರವನ್ನು ಒಂದೆರಡು ಬೊಗಸೆ ಚೆಲ್ಲಿ, ಮೇಲೆ ಮತ್ತೊಂದು ಪದರ ಒಣ ಎಲೆ ಮುಚ್ಚಬೇಕು. ಮೊದಲ ಪಂಜರ ಸುಮಾರು ಒಂದು ವಾರದಲ್ಲಿ ತುಂಬುತ್ತದೆ. ಅದನ್ನು ಬಿಟ್ಟು ಎರಡನೆಯದಕ್ಕೆ, ಆಮೇಲೆ ಮೂರನೆಯದಕ್ಕೆ ಹೋದರೆ, ಮೊದಲನೆಯದಕ್ಕೆ ಮರಳಿ ಬರುವಾಗ ಅದರ ಕಸಕ್ಕೆ ಎರಡು ವಾರ ವಿಶ್ರಾಂತಿ ಸಿಕ್ಕಿರುತ್ತದೆ. ಈ ಅಳತೆಯ ರಾಶಿಯ ಒಡಲು ಮೂರನೆಯ ನಾಲ್ಕನೆಯ ದಿನಕ್ಕೆ 55 ಡಿಗ್ರಿ ಸೆಲ್ಸಿಯಸ್ ದಾಟಿ ಕಾವೇರುತ್ತದೆ. ಬೆಳಿಗ್ಗೆ ಕೆದಕಿದರೆ ಹಬೆಯೇಳುವುದು ಕಣ್ಣಿಗೆ ಕಾಣುತ್ತದೆ. ನೊಣದ ಮೊಟ್ಟೆ, ಟೊಮೇಟೊ ಮತ್ತು ಕುಂಬಳದ ಬೀಜ, ರೋಗಾಣುಗಳು ಬಹುಪಾಲು ಸಾಯುವುದು ಈ ಕಾವಿನಲ್ಲೇ. ಎರೆಹುಳು ಹಾಸು ಎಂದೂ ಇಷ್ಟು ಬಿಸಿಯಾಗುವುದಿಲ್ಲ, ಆಗಲೂಬಾರದು. ನೇರ ಎರೆತೊಟ್ಟಿಯ ಗೊಬ್ಬರ ಹಾಕಿದ ಕುಂಡಗಳಲ್ಲಿ ಕೇಳದೆಯೇ ಟೊಮೇಟೊ ಸಸಿಗಳೇಳುವುದು ಅದಕ್ಕಾಗಿಯೇ. ಒಂದೊಂದು ಸಲ ಪಂಜರದಲ್ಲಿ ದಪ್ಪ ಬಿಳಿ ಮರಿಹುಳುಗಳು ಗಿಜಿಗುಡುತ್ತವೆ. ಅವು ಬ್ಲ್ಯಾಕ್ ಸೋಲ್ಜರ್ ಫ್ಲೈ ಎಂಬ ನೊಣದ ಮರಿಗಳು. ಕಚ್ಚುವುದಿಲ್ಲ, ಅವುಗಳ ದೊಡ್ಡ ನೊಣ ಮನೆಯೊಳಗಿನ ಅನ್ನದ ಮೇಲೆ ಕೂರುವ ಜಾತಿಯದಲ್ಲ. ಪಂಜರದಲ್ಲಿದ್ದರೆ ಕೆಲಸವನ್ನು ಬೇಗ ಮುಗಿಸುತ್ತವೆ, ಓಡಿಸಲು ಹೋಗಬೇಡಿ. ಎರೆಹಾಸಿನಲ್ಲಿ ಅವು ಹೆಚ್ಚಾದರೆ ಮಾತ್ರ ತಾಜಾ ಕಸ ಅಲ್ಲಿಗೆ ನುಸುಳುತ್ತಿದೆಯೆಂದು ತಿಳಿಯಬೇಕು.

ಒಣ ಎಲೆಯ ವಿಷಯದಲ್ಲಿ ಎಚ್ಚರಿಕೆ ಬೇಕು. ಬೆಂಗಳೂರಿನಲ್ಲಿ ಮಳೆಮರ, ಹೊಂಗೆಗಳು ಎಲೆ ಉದುರಿಸುವುದು ಚಳಿಗಾಲದ ಕೊನೆಗೆ ಮತ್ತು ಬೇಸಗೆಯ ಮೊದಲಿಗೆ. ಆಗ ರಸ್ತೆಬದಿಯಲ್ಲಿ ರಾಶಿ ರಾಶಿ ಬಿದ್ದಿರುತ್ತವೆ, ಕೆಲವೆಡೆ ಅವಕ್ಕೆ ಬೆಂಕಿಯನ್ನೂ ಇಡುತ್ತಾರೆ. ಜುಲೈಯಲ್ಲಿ ಹುಡುಕಿದರೆ ಒಣ ಎಲೆ ಎಲ್ಲಿಯೂ ಸಿಗುವುದಿಲ್ಲ. ವರ್ಷಕ್ಕಾಗುವಷ್ಟನ್ನು ಗೋಣಿಚೀಲಗಳಲ್ಲಿ ತುಂಬಿಡಲು ಮಳೆ ತಾಗದ ಜಾಗವೊಂದನ್ನು ಗುರುತಿಸದೆ ಈ ಯೋಜನೆಯನ್ನು ಆರಂಭಿಸಬಾರದೆಂದೇ ನಾನು ಹೇಳುತ್ತೇನೆ. ಎಲೆ ಮುಗಿದಾಗ ತೆಂಗಿನ ನಾರಿನ ಪುಡಿಯಾದ ಕೋಕೋಪೀಟ್ ಬಳಸಬಹುದು, ಆದರೆ ತೊಳೆದು ಉಪ್ಪಿನಂಶ ತೆಗೆದದ್ದೇ ಆಗಬೇಕು. ಮರಗೆಲಸದ ಅಂಗಡಿಯ ಹೊಟ್ಟಿನಲ್ಲಿ ಪ್ಲೈವುಡ್ಡಿನ ಅಂಟು ಸೇರಿರುವುದರಿಂದ ಅದು ಬೇಡ.

ಎರಡನೆಯ ಹಂತದ ಲೆಕ್ಕ ಹೀಗೆ. 25 ಕಿಲೋ ಹಸಿಕಸ ಮತ್ತು ಅದಕ್ಕೆ ಬೆರೆತ ಎಲೆ ಪಂಜರದಲ್ಲಿ ಕಳಿತು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತವೆ. ದಿನದ ಲೆಕ್ಕಕ್ಕೆ 13ರಿಂದ 15 ಕಿಲೋ ಎಂದಿಟ್ಟುಕೊಳ್ಳಿ. ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ಸಿಗುವ 12 ಅಡಿ ಉದ್ದ, 4 ಅಡಿ ಅಗಲ, 2 ಅಡಿ ಎತ್ತರದ ನೇಯ್ದ ಎಚ್‌ಡಿಪಿಇ ಪ್ಲಾಸ್ಟಿಕ್ಕಿನ ವರ್ಮಿಬೆಡ್ಡಿನ, ಅಂದರೆ ಸಿದ್ಧ ಎರೆಹಾಸಿನ, ವಿಸ್ತೀರ್ಣ 48 ಚದರಡಿ, ಅಂದರೆ ಸುಮಾರು ನಾಲ್ಕೂವರೆ ಚದರ ಮೀಟರ್. ಅದರ ಶಕ್ತಿ ದಿನಕ್ಕೆ 18 ಕಿಲೋದಷ್ಟು. ಹಾಗಾಗಿ ಇಂಥ ಎರಡು ಹಾಸುಗಳಿದ್ದರೆ, ಒಂದರಲ್ಲಿ ಊಟ ನಡೆಯುವಾಗ ಇನ್ನೊಂದು ಪಕ್ವವಾಗುತ್ತಿರುತ್ತದೆ. ಪಂಜರ, ಹಾಸು, ನಡುವೆ ಓಡಾಡುವ ದಾರಿ, ಎಲೆ ಚೀಲಗಳ ಮೂಲೆ ಎಲ್ಲ ಸೇರಿ ಎರಡು ಕಾರು ನಿಲ್ಲಿಸುವಷ್ಟು ಜಾಗ ಬೇಕಾಗುತ್ತದೆ. ಸಂಘದ ಸಭೆಯಲ್ಲಿ ನಿಜವಾದ ಜಗಳ ನಡೆಯುವುದು ಹುಳುಗಳ ಬಗ್ಗೆಯಲ್ಲ, ಈ ಎರಡು ಕಾರುಗಳ ಜಾಗದ ಬಗ್ಗೆ ಎಂಬುದನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

ಜಾಗ ಎಲ್ಲಿ? ನೆಲಮಾಳಿಗೆಯಲ್ಲಿ ಗಾಳಿ ಕಡಿಮೆ, ಮಳೆಗಾಲದಲ್ಲಿ ನೀರು ನುಗ್ಗುವ ಅಪಾಯ ಬೇರೆ. ಕಟ್ಟಡದ ಹಿಂಬದಿಯ ಸೆಟ್‌ಬ್ಯಾಕ್ ಜಾಗದಲ್ಲಿ (ಕಟ್ಟಡಕ್ಕೂ ಕಾಂಪೌಂಡಿಗೂ ನಡುವೆ ಬಿಟ್ಟ ಜಾಗ), ಕಿಟಕಿಗಳಿಂದ ಒಂದಿಷ್ಟು ದೂರದಲ್ಲಿ, ತಗಡಿನ ಬದಲು ಹೆಂಚು ಅಥವಾ ತೆಂಗಿನ ಗರಿಯ ಕೆಳಗೆ ಹಸಿರು ಶೇಡ್‌ನೆಟ್ ಕಟ್ಟಿದ ಚಪ್ಪರ ಎಲ್ಲಕ್ಕಿಂತ ಚೆನ್ನ. ಆದರೆ ಅಗ್ನಿಶಾಮಕ ವಾಹನ ಓಡಾಡಲು ಬಿಟ್ಟಿರುವ ದಾರಿಯನ್ನು ಮುಟ್ಟಬೇಡಿ. ತಾರಸಿಯ ಮೇಲಿಡೋಣವೆಂಬ ಸಲಹೆ ಎಲ್ಲ ಕಡೆಯೂ ಬರುತ್ತದೆ, ಅದನ್ನು ನಾನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಒಂದೂವರೆ ಅಡಿ ದಪ್ಪದ ಒದ್ದೆ ಎರೆಹಾಸು ಒಂದು ಚದರ ಮೀಟರಿಗೆ 300 ಕಿಲೋಗೂ ಹೆಚ್ಚು ಭಾರ ಹಾಕುತ್ತದೆ. ಜನ ಓಡಾಡುವ ತಾರಸಿಗೆ ಭಾರತೀಯ ಮಾನಕವಾದ ಐಎಸ್ 875 ಹಿಡಿಯುವ ಚರಭಾರ (ಕಟ್ಟಡದ ಸ್ವಂತ ತೂಕ ಬಿಟ್ಟು ಮೇಲೆ ಬೀಳುವ ಭಾರ) ಚದರ ಮೀಟರಿಗೆ 1.5 ಕಿಲೋನ್ಯೂಟನ್, ಅಂದರೆ ಸರಿಸುಮಾರು 150 ಕಿಲೋ. ಸ್ಟ್ರಕ್ಚರಲ್ ಎಂಜಿನಿಯರ್ ಲಿಖಿತವಾಗಿ ಒಪ್ಪದ ಹೊರತು ತಾರಸಿಯ ವಿಚಾರ ಬಿಡಿ. ಬಿಸಿಲಿನ ತಾಪ, ನೀರು ಜಿನುಗಿ ವಾಟರ್‌ಪ್ರೂಫಿಂಗ್ ಹಾಳಾಗುವುದು, ಮೇಲಿನ ಮಹಡಿಯವರ ಅಸಮಾಧಾನ ಇವೆಲ್ಲ ಆಮೇಲಿನ ಮಾತು.

ಹುಳುಗಳ ಜಾತಿಯ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ತೋಟದ ಮಣ್ಣು ಅಗೆದಾಗ ಸಿಗುವ ಹುಳುಗಳು ಮಾತ್ರ ಈ ಕೆಲಸಕ್ಕೆ ಬಾರವು. ಅವು ಮಣ್ಣು ತಿಂದು ಬದುಕುವಂಥವು. ನಮ್ಮಲ್ಲಿ ಸಿಗುವ ಮೂರು ಜಾತಿಗಳೆಂದರೆ ಯೂಡ್ರಿಲಸ್ ಯೂಜೀನಿಯೆ, ಐಸೀನಿಯಾ ಫೆಟಿಡಾ ಮತ್ತು ನಮ್ಮ ನಾಡಿನದೇ ಆದ ಪೆರಿಯೋನಿಕ್ಸ್ ಎಕ್ಸ್‌ಕವೇಟಸ್. ಎರೆಗೊಬ್ಬರದ ವಿಷಯದಲ್ಲಿ ಕನ್ನಡಿಗರಿಗೆ ಪಕ್ಕದಲ್ಲೇ ಒಳ್ಳೆಯ ಪರಂಪರೆಯಿದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಡಾ. ರಾಧಾ ಕಾಳೆ ಅವರು ದಶಕಗಳ ಕಾಲ ನಡೆಸಿದ ಸಂಶೋಧನೆ ದೇಶದ ಎರೆಕೃಷಿಗೇ ಅಡಿಪಾಯ ಹಾಕಿದ ಕೆಲಸಗಳಲ್ಲೊಂದು. ಯೂಡ್ರಿಲಸ್ ದೊಡ್ಡದು, ಚುರುಕು, 25ರಿಂದ 30 ಡಿಗ್ರಿಯಲ್ಲಿ ಚೆನ್ನಾಗಿ ತಿನ್ನುತ್ತದೆ. ಆದರೆ ಪರಿಸ್ಥಿತಿ ತುಸು ಕೆಟ್ಟರೂ ಗಂಟುಮೂಟೆ ಕಟ್ಟುತ್ತದೆ, ಮಳೆಯ ರಾತ್ರಿಗಳಲ್ಲಂತೂ ಹೊರಡಲು ತುದಿಗಾಲಲ್ಲಿರುತ್ತದೆ. ಐಸೀನಿಯಾ ಚಿಕ್ಕದು, ಕೆಂಪು ಪಟ್ಟಿಯದು, ಹೆಚ್ಚು ಸಹಿಷ್ಣು. ಅನುಭವವಿಲ್ಲದ ಸಂಘಕ್ಕೆ ನಾನು ಐಸೀನಿಯಾವನ್ನೇ ಹೇಳುತ್ತೇನೆ. ಚದರ ಮೀಟರಿಗೆ ಒಂದು ಕಿಲೋ ಹುಳುಗಳಂತೆ ಮೊದಲ ಹಾಸಿಗೆ ನಾಲ್ಕೈದು ಕಿಲೋ ಸಾಕು. ಹುಳುಗಳು ದಿನಕ್ಕೆ ತಮ್ಮ ತೂಕದ ಅರ್ಧದಷ್ಟು ತಿನ್ನುತ್ತವೆಂಬುದು ಎಲ್ಲವೂ ಅನುಕೂಲವಾಗಿದ್ದಾಗಿನ ಲೆಕ್ಕ. ಆದ್ದರಿಂದ ಮೊದಲ ತಿಂಗಳು ದಿನಕ್ಕೆ ಎರಡು ಕಿಲೋ ಮೀರದಂತೆ ಉಣಿಸಿ, ಮೂರು ನಾಲ್ಕು ತಿಂಗಳಲ್ಲಿ ಮರಿಗಳು ಬೆಳೆದು ಸಂಖ್ಯೆ ಹೆಚ್ಚಿದಂತೆ ಪ್ರಮಾಣ ಏರಿಸಬೇಕು. ಉಳಿದ ಕಳಿತ ಕಸ ಆ ತಿಂಗಳುಗಳಲ್ಲಿ ಸಾಮಾನ್ಯ ಗೊಬ್ಬರವಾಗಿ ಪಂಜರದಲ್ಲೇ ಮಾಗಲಿ, ಅಥವಾ ನಗರದ ಗಾಡಿಗೆ ಹೋಗಲಿ. ಅದರಲ್ಲಿ ಅವಮಾನವೇನಿಲ್ಲ.

ಹಾಸಿನ ತಳಕ್ಕೆ ತೆಂಗಿನ ಸಿಪ್ಪೆಯ ಒಂದು ಪದರ ಬೋರಲಾಗಿ ಜೋಡಿಸಿ, ಮೇಲೆ ಅರ್ಧ ಅಡಿಯಷ್ಟು ನೆನೆಸಿ ಹಿಂಡಿದ ಎಲೆ, ಹಳೆಯ ಸಗಣಿ, ತುಸು ತೋಟದ ಮಣ್ಣು ಬೆರೆಸಿ ಹರಡಬೇಕು. ಸಗಣಿ ಕನಿಷ್ಠ ಎರಡು ವಾರ ಹಳೆಯದಾಗಿರಲಿ. ಇತ್ತೀಚೆಗೆ ಜಂತುಹುಳುವಿನ ಔಷಧಿ ಕೊಟ್ಟ ಹಸುವಿನದಾಗದಿರಲಿ. ಒಂದು ಹೊತ್ತಿನ ಊಟ ಎರಡು ಇಂಚಿಗಿಂತ ದಪ್ಪವಾಗಬಾರದು, ಮತ್ತು ಹಾಸಿನ ಪೂರ್ತಿ ಅಗಲಕ್ಕೆ ಹಾಕದೆ ಒಂದು ಪಟ್ಟಿಯಷ್ಟು ಜಾಗವನ್ನು ಯಾವಾಗಲೂ ಖಾಲಿ ಬಿಡಬೇಕು, ಏಕೆಂದರೆ ಆಹಾರದಲ್ಲಿ ದೋಷವಿದ್ದ ದಿನ ಹುಳುಗಳಿಗೆ ಸರಿದು ನಿಲ್ಲಲು ಒಂದು ಆಸರೆ ಬೇಕು. ಮೇಲೆ ಒದ್ದೆ ಗೋಣಿ ಹೊದಿಸಿ. ಹದ ನೋಡುವ ಬಗೆ ಸುಲಭ: ಮುಷ್ಟಿ ತುಂಬ ತೆಗೆದು ಗಟ್ಟಿಯಾಗಿ ಹಿಂಡಿದರೆ ಬೆರಳ ಸಂದಿಯಲ್ಲಿ ಒಂದೆರಡು ಹನಿ ಮೂಡಬೇಕು, ಧಾರೆಯಾಗಿ ಇಳಿಯಬಾರದು. ಒಂದೂ ಹನಿ ಬರದಿದ್ದರೆ ನೀರು ಚಿಮುಕಿಸಿ. ಇಳಿದರೆ ಒಣ ಎಲೆ ಬೆರೆಸಿ. ಅಡುಗೆಮನೆ ಕಸದಲ್ಲಿಯೇ ಬೇಕಾದಷ್ಟು ನೀರಿರುವುದರಿಂದ ನಮ್ಮ ಅಪಾರ್ಟ್‌ಮೆಂಟುಗಳ ಹಾಸುಗಳು ಒಣಗಿ ಸಾಯುವುದಕ್ಕಿಂತ ನೆನೆದು ಸಾಯುವುದೇ ಹೆಚ್ಚು.

ಪಂಜರದಿಂದ ತೆಗೆದ ಕಸ ಹುಳುಗಳಿಗೆ ಸಿದ್ಧವಾಗಿದೆಯೋ ಇಲ್ಲವೋ ಎಂಬ ಅನುಮಾನ ಬಂದಾಗ ಮಾಪಕಗಳನ್ನು ಕೊಳ್ಳಬೇಕಿಲ್ಲ. ಒಂದು ಹಳೆಯ ಟ್ರೇಯಲ್ಲಿ ಅದನ್ನು ಎರಡು ಮುಷ್ಟಿ ಹರಡಿ, ಮೇಲೆ ಹತ್ತು ಹುಳುಗಳನ್ನು ಬಿಟ್ಟು, ಗೋಣಿ ಮುಚ್ಚಿಡಿ. ಸ್ವಲ್ಪ ಹೊತ್ತಿನಲ್ಲಿ ಅವು ಒಳಗಿಳಿದು, ಮರುದಿನ ಬೆಳಿಗ್ಗೆ ಹತ್ತೂ ಚುರುಕಾಗಿದ್ದರೆ ಹಾಕಬಹುದು. ಮೇಲೆಯೇ ಹೊರಳಾಡಿ ಟ್ರೇಯ ಅಂಚಿಗೆ ಹೊರಟರೆ ಇನ್ನೂ ಕಾವೋ ಅಮೋನಿಯವೋ ಉಳಿದಿದೆ ಎಂದರ್ಥ. ಒಂದು ವಾರ ತಡೆಯಿರಿ.

ಈಗ ಮನೆಗಳಿಂದ ಏನು ಬರಬೇಕು, ಏನು ಬರಬಾರದು ಎಂಬುದು. ನಮ್ಮ ಪಟ್ಟಿ ಪಾಶ್ಚಾತ್ಯ ಪುಸ್ತಕಗಳ ಪಟ್ಟಿಯಂತಿರಲು ಸಾಧ್ಯವಿಲ್ಲ, ಏಕೆಂದರೆ ನಮ್ಮ ಮುಖ್ಯ ಸಮಸ್ಯೆ ಉಪ್ಪು. ಹಾಸಿನಲ್ಲಿ ಉಪ್ಪಿನಂಶ ಶೇ. 0.5 ಮೀರಿದರೆ ಗೊಬ್ಬರದ ಹುಳುಗಳು ತಾಳವು. ನಾವು ಉಣ್ಣುವ ಸಾಂಬಾರಿನಲ್ಲೇ ಅಷ್ಟು ಅಥವಾ ಅದಕ್ಕೂ ಹೆಚ್ಚು ಉಪ್ಪಿರುತ್ತದೆ, ಉಪ್ಪಿನಕಾಯಿಯ ಮಾತೇ ಬೇರೆ. ಉಳಿದ ಅನ್ನ ಹುಳಿಯುತ್ತದೆ, ಮುದ್ದೆಯಾಗಿ ಗಾಳಿ ಕಟ್ಟುತ್ತದೆ. ಎಣ್ಣೆ ಹುಳುವಿನ ಚರ್ಮದ ಉಸಿರಾಟಕ್ಕೇ ಅಡ್ಡಿ. ತರಕಾರಿ ಸಿಪ್ಪೆ, ಹಣ್ಣಿನ ಸಿಪ್ಪೆ, ಕಾಫಿ ಚರಟ, ಟೀ ಸೊಪ್ಪು, ಪುಡಿ ಮಾಡಿದ ಮೊಟ್ಟೆ ಸಿಪ್ಪೆ ಇವು ನಿಶ್ಚಿಂತೆಯಾಗಿ ಬರಲಿ. ನಿಂಬೆ, ಈರುಳ್ಳಿ, ಮೆಣಸಿನಕಾಯಿಗಳನ್ನು ಹುಳುಗಳಿಗೆ ನೇರವಾಗಿ ಕೊಡಬಾರದು, ಆದರೆ ಪಂಜರದಲ್ಲಿ ಮೂರು ವಾರ ಕಳಿತ ಮೇಲೆ ಸಮಸ್ಯೆಯಿಲ್ಲ. ಎರಡು ಹಂತದ ಪದ್ಧತಿಯ ದೊಡ್ಡ ಲಾಭ ಇದು. ತೆಂಗಿನ ಕರಟ, ಮಾವಿನ ಓಟೆ, ಹಲಸಿನ ಬೀಜಗಳು ಮಾತ್ರ ತಿಂಗಳುಗಟ್ಟಲೆ ಹಾಗೆಯೇ ಉಳಿಯುತ್ತವೆ.

ಬೇಯಿಸಿದ ಅಡುಗೆಯ ಉಳಿಕೆ, ಉಪ್ಪಿನಕಾಯಿ, ಮೊಸರು, ಎಣ್ಣೆ ಪದಾರ್ಥ, ಮಾಂಸ ಮತ್ತು ಮೀನಿನ ಚೂರುಗಳಿಗೆ ಪ್ರತಿ ಮಹಡಿಯಲ್ಲಿ ಬೇರೆಯೇ ಬಕೆಟ್ ಇರಲಿ, ಅದು ನಗರದ ಹಸಿಕಸ ಗಾಡಿಗೆ ಹೋಗಲಿ. ಈ ಬಕೆಟ್ಟನ್ನು ಮಾಂಸದ ಬಕೆಟ್ ಎಂದು ಯಾರೂ ಕರೆಯದಂತೆ ನೋಡಿಕೊಳ್ಳಿ. ಎರೆತೊಟ್ಟಿಯ ನೆಪದಲ್ಲಿ ಯಾರ ಮನೆಯಲ್ಲಿ ಏನು ಬೇಯುತ್ತದೆಂಬ ವಿಚಾರಣೆ ಶುರುವಾದ ಕಡೆಗಳಲ್ಲಿ ಹುಳುಗಳಿಗಿಂತ ಮೊದಲು ಸಂಘವೇ ಒಡೆದಿದೆ. ಮಾಂಸ ಬೇಡವೆನ್ನುವುದಕ್ಕೆ ಕಾರಣ ಅಮೋನಿಯ ಮತ್ತು ಇಲಿ. ಉಪ್ಪಿನಕಾಯಿ ಬೇಡವೆನ್ನುವುದಕ್ಕೆ ಕಾರಣ ಉಪ್ಪು. ಎರಡೂ ಒಂದೇ ಬಕೆಟ್ಟಿಗೆ ಹೋಗುವುದರಿಂದ ಯಾರೂ ಬೆರಳು ತೋರಿಸಬೇಕಾಗಿಲ್ಲ.

ನಮ್ಮ ಊರಿನ ಕಸಕ್ಕೆ ಋತುಮಾನವಿದೆ. ಡಿಸೆಂಬರ್, ಜನವರಿಯಲ್ಲಿ ಅವರೆಕಾಯಿ ಬಂದಾಗ ಒಂದೊಂದು ಮನೆಯಿಂದಲೂ ಮೂಟೆಗಟ್ಟಲೆ ಸಿಪ್ಪೆ ಇಳಿಯುತ್ತದೆ. ಸಾರಜನಕ ತುಂಬಿದ ಆ ಹಸಿರು ಸಿಪ್ಪೆ ರಾಶಿಬಿದ್ದರೆ ಕೆಂಡದಂತೆ ಕಾಯುತ್ತದೆ. ಅದನ್ನು ತೆಳುವಾಗಿ ಹರಡಿ ನಾಲ್ಕು ದಿನ ಬಾಡಿಸಿ, ಆಮೇಲೆ ಸ್ವಲ್ಪ ಸ್ವಲ್ಪವಾಗಿ ಪಂಜರಕ್ಕೆ ಸೇರಿಸಬೇಕು. ಆಯುಧಪೂಜೆಯ ಮರುದಿನ ಕುಂಕುಮ, ಸುಣ್ಣ ಬಳಿದ ಬೂದುಗುಂಬಳಗಳು, ಬಾಳೆಕಂದುಗಳು ಒಟ್ಟಿಗೇ ಬರುತ್ತವೆ. ಬಾಳೆಯ ದಿಂಡನ್ನು ಕೊಚ್ಚಿ ಹಾಕಿದರೆ ಹುಳುಗಳಿಗೆ ಹಬ್ಬವೇ, ಕುಂಬಳಗಳನ್ನು ಮಾತ್ರ ಗಾಡಿಗೆ ಕಳಿಸಿ. ಹಬ್ಬದ ಹೂವಿನಲ್ಲಿ ದಾರ, ಜರಿ, ಗುಂಡುಪಿನ್ನು ಇರುತ್ತವೆ, ಮಾರುಕಟ್ಟೆಯ ಸೇವಂತಿಗೆಗೆ ಕೀಟನಾಶಕ ಹೊಡೆದಿರುವ ಸಂಭವವೂ ಉಂಟು. ಹೂವಿಗೊಂದು ಪ್ರತ್ಯೇಕ ಚೀಲವಿಟ್ಟು, ಒಣಗಿಸಿ, ಬಿಡಿಸಿ, ಪಂಜರದಲ್ಲೇ ಪೂರ್ತಿ ಮಾಗಿಸುವುದು ಲೇಸು.

ಯಾರು ನೋಡಿಕೊಳ್ಳಬೇಕೆಂಬ ನಿಮ್ಮ ಪ್ರಶ್ನೆಗೆ ಒಂದೇ ಉತ್ತರವಿದೆ: ಸಂಬಳ ಪಡೆಯುವ, ತರಬೇತಿ ಪಡೆದ ಒಬ್ಬ ವ್ಯಕ್ತಿ. ಮನೆಗೊಂದು ವಾರದಂತೆ ಪಾಳಿ ಹಾಕುವ ಆದರ್ಶ ಮೊದಲ ಬೇಸಗೆ ರಜೆಗೇ ಕುಸಿಯುತ್ತದೆ. ಈ ಪ್ರಮಾಣಕ್ಕೆ ದಿನಕ್ಕೆ ಒಂದರಿಂದ ಒಂದೂವರೆ ಗಂಟೆಯ ಕೆಲಸ ಬೇಕು. ಈಗಿರುವ ಹೌಸ್‌ಕೀಪಿಂಗ್ ಸಿಬ್ಬಂದಿಗೇ ಇದನ್ನು ಒಪ್ಪಿಸುವುದಾದರೆ ಆ ಹೊತ್ತಿಗೆ ಪ್ರತ್ಯೇಕ ಸಂಬಳ, ಕೈಗವಸು, ಗಮ್‌ಬೂಟು, ಪಕ್ಕದಲ್ಲೇ ನಲ್ಲಿ ಮತ್ತು ಸಾಬೂನು, ಧನುರ್ವಾಯು ಚುಚ್ಚುಮದ್ದು ಇವನ್ನು ಸಂಘ ಕೊಡಬೇಕು. ಇದಕ್ಕಿಂತ ಹೆಚ್ಚಿನದೊಂದನ್ನೂ ಕೊಡಬೇಕು, ಅದು ಬೇಡವೆನ್ನುವ ಅಧಿಕಾರ. ಬೆರಕೆಯಾಗಿ ಬಂದ ಬಕೆಟ್ಟನ್ನು ಆಕೆ ಅಥವಾ ಆತ ಹಾಗೆಯೇ ಬಾಗಿಲಿಗೆ ಹಿಂದಿರುಗಿಸಿದಾಗ, ಆ ಮನೆಯವರು ಎಷ್ಟೇ ಹಿರಿಯರಾಗಿರಲಿ, ಸಂಘದ ಪದಾಧಿಕಾರಿಗಳು ಕೆಲಸದವರ ಪರ ನಿಲ್ಲಬೇಕು. ಕಲಸಿದ ಕಸದಿಂದ ಡೈಪರ್, ಬ್ಲೇಡು ಆರಿಸುವುದನ್ನು ಇನ್ನೊಬ್ಬರ ಕೈಯಲ್ಲಿ ಮಾಡಿಸುವ ಸಂಘಕ್ಕೆ ಎರೆಹುಳು ಸಾಕುವ ಯೋಗ್ಯತೆ ಇಲ್ಲವೆಂದೇ ನನ್ನ ಅಭಿಪ್ರಾಯ. ನಿವಾಸಿಗಳಲ್ಲಿ ಇಬ್ಬರು ಮೇಲ್ವಿಚಾರಕರಿದ್ದು, ವಾರಕ್ಕೊಮ್ಮೆ ಗೋಣಿ ಎತ್ತಿ ನೋಡಿ, ತೂಕದ ಪುಸ್ತಕಕ್ಕೆ ಸಹಿ ಹಾಕಿದರೆ ಸಾಕು.

ಗೋಣಿ ಎತ್ತಿದಾಗ ಏನು ನೋಡಬೇಕು? ಹುಳುಗಳು ಬೆಳಕಿಗೆ ಹೆದರಿ ತಟ್ಟನೆ ಒಳನುಗ್ಗಿದರೆ ಕ್ಷೇಮ. ಹಾಸಿನ ಬದಿಗಳಲ್ಲಿ, ಗೋಣಿಯ ಒಳಮೈಯಲ್ಲಿ ಗುಂಪುಗಟ್ಟಿದ್ದರೆ ಒಳಗೆ ಬಿಸಿಯೋ ನೀರೋ ಹೆಚ್ಚಾಗಿದೆ; ಹೊಸ ಆಹಾರ ನಿಲ್ಲಿಸಿ, ಕೈಮುಳ್ಳಿನಿಂದ ಮೆಲ್ಲಗೆ ಸಡಿಲಿಸಿ, ಒಣ ಎಲೆ ಸೇರಿಸಬೇಕು. ಮೈಯಲ್ಲಿ ಮಣಿ ಪೋಣಿಸಿದಂತೆ ಅಲ್ಲಲ್ಲಿ ಉಬ್ಬಿ ನಡುನಡುವೆ ಬತ್ತಿದ ಹುಳುಗಳು ಕಂಡರೆ ಪ್ರೊಟೀನಿನಂಶ ಅತಿಯಾಗಿ ಹೊಟ್ಟೆಯೊಳಗೇ ಹುಳಿಯೇರಿದೆ, ಯಾರದೋ ಮನೆಯ ಬೇಳೆಯೋ ದೋಸೆಹಿಟ್ಟೋ ಬಂದು ಸೇರಿದೆ ಎಂದು ತಿಳಿಯಬೇಕು. ಆ ಭಾಗವನ್ನು ತೆಗೆದು, ಮೊಟ್ಟೆ ಸಿಪ್ಪೆಯ ಪುಡಿ ಉದುರಿಸಿ. ಇರುವೆ ಮುತ್ತಿದರೆ ಹಾಸು ಒಣಗಿದೆಯೆಂಬ ಸೂಚನೆ. ಆಗ ನೀರು ಹೆಚ್ಚಿಸಬೇಕೇ ಹೊರತು ಪುಡಿ ಔಷಧಿ ಹಾಕಬಾರದು, ಸುತ್ತಲಿನ ಸೊಳ್ಳೆ ಹೊಗೆಯನ್ನೂ ಆ ಮೂಲೆಗೆ ಬಿಡಿಸಬೇಡಿ.

ಹಾವಿನ ಭಯಕ್ಕೆ ಬರುತ್ತೇನೆ. ಹಾವು ಬರುವುದು ಇಲಿ, ಕಪ್ಪೆಗಳನ್ನು ಹುಡುಕಿಕೊಂಡು. ಜಾಲರಿಯೊಳಗಿನ ಕಸಕ್ಕೆ ಇಲಿ ಬಾರದಿದ್ದರೆ ಅದಕ್ಕೂ ಅಲ್ಲಿ ಕೆಲಸವಿಲ್ಲ. ಎರೆಹುಳುವಿನಷ್ಟೇ ಗಾತ್ರದ, ಅದರಂತೆಯೇ ಕಾಣುವ, ವಿಷವಿಲ್ಲದ ಕುರುಡು ಹಾವೊಂದು ಗೊಬ್ಬರದಲ್ಲಿ ಅಪರೂಪಕ್ಕೆ ಸಿಗುವುದುಂಟು. ಇರುವೆ ಮತ್ತು ಗೆದ್ದಲಿನ ಮೊಟ್ಟೆ ಮರಿ ತಿಂದು ಬದುಕುವ ನಿರುಪದ್ರವಿ ಜೀವಿ ಅದು. ವಾಸನೆಯ ವಿಷಯದಲ್ಲಿ ಮಾತ್ರ ನಿವಾಸಿಗಳಿಗೆ ಖಚಿತ ಮಾತು ಕೊಡಬಹುದು: ಸರಿಯಾಗಿ ನಡೆಯುವ ಎರೆಹಾಸಿಗೆ ಮೊದಲ ಮಳೆಯ ಮಣ್ಣಿನ ವಾಸನೆಯಿರುತ್ತದೆ, ಪಂಜರಕ್ಕೆ ಹತ್ತಿರ ಹೋದಾಗ ತುಸು ಹುಳಿ ವಾಸನೆ. ಅದಕ್ಕಿಂತ ಹೆಚ್ಚು ಬಂದ ದಿನವೇ ಕಾರಣ ಹುಡುಕಬೇಕು.

ಇಷ್ಟೆಲ್ಲ ಮಾಡಿದರೆ ಸಿಗುವುದು ದಿನಕ್ಕೆ ಸುಮಾರು 4ರಿಂದ 6 ಕಿಲೋ ಎರೆಗೊಬ್ಬರ. ಆಹಾರವನ್ನು ಎರಡನೆಯ ಹಾಸಿಗೆ ಬದಲಿಸಿ, ಮೊದಲನೆಯದನ್ನು ಮೂರು ನಾಲ್ಕು ವಾರ ಬಿಟ್ಟು, ಆಮೇಲೆ ಗೋಣಿ ತೆಗೆದು ಗುಪ್ಪೆಗಳಾಗಿ ಎಳೆದರೆ ಹುಳುಗಳು ಬೆಳಕಿಗೆ ಹೆದರಿ ತಳಕ್ಕಿಳಿಯುತ್ತವೆ. ಮೇಲಿನಿಂದ ಗೊಬ್ಬರ ಕೆರೆದುಕೊಂಡು ಜರಡಿ ಹಿಡಿಯಬಹುದು. ಕಾಳುಕಾಳಾದ ಈ ಗೊಬ್ಬರವನ್ನು ಬಿಸಿಲಿನಲ್ಲಿ ಒಣಗಿಸಿ ಕೊಲ್ಲಬೇಡಿ, ನೆರಳಿನಲ್ಲಿ ತುಸು ತೇವವಿರುವಂತೆ ಚೀಲದಲ್ಲಿಡಿ. ಕುಂಡಕ್ಕೆ ನಾಲ್ಕು ಪಾಲು ಮಣ್ಣಿಗೆ ಒಂದು ಪಾಲು ಸಾಕು. ಹಾಸಿನ ಕೆಳಗೆ ಜಿನುಗುವ ಕಪ್ಪು ನೀರನ್ನು ಎರೆಜಲವೆಂದು ಬಾಟಲಿಗೆ ತುಂಬಿ ಹಂಚುವ ರೂಢಿ ಅನೇಕ ಕಡೆಯಿದೆ. ಅರ್ಧ ಕಳಿತ ಕಸದಿಂದ ಸೋರಿದ ನೀರು ಎರೆಜಲವಲ್ಲ. ಅದನ್ನು ಹತ್ತು ಪಟ್ಟು ನೀರು ಬೆರೆಸಿ ಮರಗಳ ಬುಡಕ್ಕೆ ಹಾಕಿ, ಸೊಪ್ಪು ತರಕಾರಿಗೆ ಬೇಡ.

ಕಾನೂನಿನ ಬಗ್ಗೆ ನಿಮ್ಮ ಸದಸ್ಯರು ಕೇಳಿಯೇ ಕೇಳುತ್ತಾರೆ. ಕೇಂದ್ರದ 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ದಿನಕ್ಕೆ ಸರಾಸರಿ 100 ಕಿಲೋ ಮೀರಿ ಕಸ ಉತ್ಪಾದಿಸುವವರನ್ನು ದೊಡ್ಡ ಉತ್ಪಾದಕರೆಂದು ಕರೆದವು. 5,000 ಚದರ ಮೀಟರ್ ಮೀರಿದ ವಸತಿ ಸಮುಚ್ಚಯಗಳು ಹಸಿಕಸವನ್ನು ಸಾಧ್ಯವಾದಷ್ಟು ತಮ್ಮ ಆವರಣದಲ್ಲೇ ಸಂಸ್ಕರಿಸಬೇಕೆಂದೂ ಹೇಳಿದವು. ಸ್ಥಳೀಯ ಮಿತಿಗಳು ಆಗಾಗ ಬದಲಾಗುವುದರಿಂದ ಈಗಿನದನ್ನು ನಿಮ್ಮ ವಾರ್ಡ್ ಕಚೇರಿಯಲ್ಲೇ ಕೇಳಿ. ನಿಮ್ಮಷ್ಟು ಚಿಕ್ಕ ಕಟ್ಟಡಕ್ಕೆ ಬಲವಂತಕ್ಕಿಂತ ಬೇರೆ ಕಾರಣ ಮುಖ್ಯ. ಬೆಂಗಳೂರಿನ ಕಸವನ್ನು ತಂದು ಸುರಿಯುತ್ತಿದ್ದ ಹೊರವಲಯದ ಹಳ್ಳಿಗಳಾದ ಮಾವಳ್ಳಿಪುರದ ಜನ 2012ರಲ್ಲಿ, ಮಂಡೂರಿನ ಜನ 2014ರಲ್ಲಿ ನಮ್ಮ ಕಸ ಸಾಕೆಂದು ಬಾಗಿಲು ಮುಚ್ಚಿಸಿದ್ದನ್ನು ನೆನಪಿಟ್ಟವರಿಗೆ ಆ ಕಾರಣವನ್ನು ವಿವರಿಸಬೇಕಿಲ್ಲ. 24 ಗಂಟೆಯಲ್ಲಿ ಗೊಬ್ಬರ ಕೊಡುತ್ತದೆಂದು ಮಾರುವ ಯಂತ್ರಗಳ ಬಗ್ಗೆ ಯಾರಾದರೂ ಪ್ರಸ್ತಾಪಿಸಿದರೆ, ಅದರಿಂದ ಹೊರಬರುವುದು ಒಣಗಿಸಿ ಪುಡಿ ಮಾಡಿದ ಆಹಾರ ಎಂಬುದನ್ನು ತಿಳಿಸಿ. ನೀರು ಬಿದ್ದೊಡನೆ ಅದು ಮತ್ತೆ ಕೊಳೆಯಲು, ಕಾವೇರಲು ತೊಡಗುತ್ತದೆ. ಎರೆಹಾಸಿಗೆ ಅದನ್ನು ನೇರವಾಗಿ ಹಾಕಿದರೆ ಹುಳುಗಳು ಉಳಿಯುವುದಿಲ್ಲ.

ಆರಂಭಿಸುವ ಕ್ರಮ ಹೀಗಿರಲಿ. ಮೊದಲ ವಾರ ಏಳು ದಿನವೂ ಹಸಿಕಸವನ್ನು ತೂಗಿ ಬರೆದಿಡಿ, ನಾನು ಹಿಡಿದ 25 ಕಿಲೋ ನಿಮ್ಮಲ್ಲಿ 18 ಇರಬಹುದು, 35 ಇರಬಹುದು. ಅಳತೆಗಳನ್ನೆಲ್ಲ ಅದಕ್ಕೆ ತಕ್ಕಂತೆ ತಿದ್ದಿಕೊಳ್ಳಿ. ಆಮೇಲೆ ಪಂಜರಗಳನ್ನು ಮಾತ್ರ ಕೂರಿಸಿ, ಆರು ವಾರ ಹುಳುಗಳಿಲ್ಲದೆ ನಡೆಸಿ. ಆ ಅವಧಿಯಲ್ಲಿ ಬಕೆಟ್ಟುಗಳು ಬೇರೆಬೇರೆಯಾಗಿಯೇ ಬಂದರೆ, ಪಂಜರದ ಕಸ ತಣ್ಣಗಾಗಿ ಟ್ರೇಯ ಹತ್ತು ಹುಳುಗಳ ಪರೀಕ್ಷೆಯಲ್ಲಿ ಗೆದ್ದರೆ, ಆಗ ಐಸೀನಿಯಾ ಹುಳುಗಳಿಗೆ ಹಣ ಕೊಡಿ. ಮಾರ್ಚ್‌ನಿಂದ ಮೇವರೆಗಿನ ಬಿಸಿಲಿನಲ್ಲಿ ಹೊಸ ಹುಳುಗಳನ್ನು ಸಾಗಿಸಿ ತರುವುದು ಬೇಡ. ಮಳೆ ಹಿಂದೆಗೆಯುವ ಅಕ್ಟೋಬರ್ ಕೊನೆ, ನವೆಂಬರ್ ಮೊದಲ ವಾರ ಬೆಂಗಳೂರಿನಲ್ಲಿ ಅದಕ್ಕೆ ಸರಿಯಾದ ಕಾಲ. ಅವರೆಕಾಯಿ ಬರುವಷ್ಟರಲ್ಲಿ ಅವು ಹಾಸಿಗೆ ಹೊಂದಿಕೊಂಡಿರುತ್ತವೆ.